ಗೋವಿನಜೋಳವೂ ತಂತಿಯ ಪಂಜರವೂ

ಮೆಕ್ಕೆಜೋಳವನ್ನು ಗೋವಿನಜೋಳವೆಂದು ಕರೆಯುತ್ತ ಬಂದವರು ಉತ್ತರ ಕರ್ನಾಟಕದ ನಾವು. ಆ ಹೆಸರಿನ ಮೂಲವನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ. ಸುಗ್ಗಿಯ ದಿನಗಳಲ್ಲಿ ನವನಗರದ ಮಗ್ಗುಲಲ್ಲಿರುವ ಅಮರಗೋಳದ ಮಾರುಕಟ್ಟೆಗೆ ಬಂದು ಬೀಳುವ ಆ ಹೊಂಬಣ್ಣದ ಕಾಳು ಅಲ್ಲಿಂದ ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದರೆ ಮಾತ್ರ ಹೆಸರಿಗೂ ಸಂಗತಿಗೂ ಇರುವ ಅಂತರ ತಿಳಿದೀತು. ಪಿಷ್ಟದ ಕಾರ್ಖಾನೆಗಳೂ ಈಚೆಗೆ ಎಥೆನಾಲ್ ಘಟಕಗಳೂ ಕೊಳ್ಳುವುದನ್ನು ಬಿಟ್ಟರೆ, ಅದರ ಬಹುದೊಡ್ಡ ಗಿರಾಕಿ ಗೋವಲ್ಲ, ಕೋಳಿ. ಕೋಳಿ ಸಾಕಣೆಯ ದೊಡ್ಡ ಶೆಡ್ಡುಗಳಲ್ಲಿ ಹಾಕುವ ಆಹಾರದ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚಿನ ಪಾಲು ಗೋವಿನಜೋಳ. ಉಳಿದುದರಲ್ಲಿ ಸೋಯಾ ಹಿಂಡಿಯೇ ಮುಖ್ಯ. ಇವೆರಡೂ ನಮ್ಮ ಸುತ್ತಿನ ಹೊಲಗಳ ಬೆಳೆಗಳೇ.

ಹಾವೇರಿ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ಗೋವಿನಜೋಳ ಹಬ್ಬಿದ ಬಗೆಯನ್ನು ಕಂಡವರು ಅದರ ಹಿಂದೆ ಏನು ಸರಿದುಹೋಯಿತೆಂಬುದನ್ನೂ ಬಲ್ಲರು. ಬಿಳಿಜೋಳ, ಹತ್ತಿ, ನವಣೆ, ಸಾವೆಗಳ ನೆಲವನ್ನು ಅದು ಆಕ್ರಮಿಸಿತು. ಬಿಳಿಜೋಳದ ಬೆಳೆಯಲ್ಲಿ ತೆನೆ ಮನುಷ್ಯನಿಗೆ, ಕಣಿಕೆ ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆ ಮರಳಿ ಹೊಲಕ್ಕೆ ಎಂಬ ಒಂದು ಸುತ್ತು ಇದ್ದಿತು. 2021ರಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿದ ಧಾರವಾಡಿ ಎಮ್ಮೆ ಈ ಸುತ್ತಿನಲ್ಲಿಯೇ ಬಾಳಿ ಬಂದ ಪ್ರಾಣಿ. ಗವಳಿಗರ ಓಣಿಯಿಂದ ಹೊರಟು ಕೊಯ್ದ ಹೊಲದ ಕೂಳೆ ಮೇಯ್ದು ಬರುವ ಆ ಎಮ್ಮೆಯ ಹಾಲಿನಿಂದಲೇ ಧಾರವಾಡದ ಪೇಢೆಗೆ ಕೀರ್ತಿ ಬಂದಿತೆಂದರೆ ಉತ್ಪ್ರೇಕ್ಷೆಯಾಗದು. ಈಗ ಕಾಳು ಲಾರಿಯೇರಿ ದೂರದ ಶೆಡ್ಡಿಗೆ ಹೋಗುತ್ತದೆ. ಅಲ್ಲಿಯ ಹಿಕ್ಕೆ ಈ ಕಾಳು ಬೆಳೆದ ಹೊಲಕ್ಕೆ ತಿರುಗಿ ಬರುವುದು ಅಪರೂಪ. ಹೊಲಕ್ಕೆ ಯೂರಿಯಾ ಬೇರೆಯಾಗಿ ಬರುತ್ತದೆ. ಸುತ್ತು ಹರಿದುದು ಇಲ್ಲಿಯೇ.

ಶೆಡ್ಡಿನೊಳಗಿನ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಮೊಟ್ಟೆಯ ಕೋಳಿಯನ್ನು ತಂತಿಯ ಪಂಜರದಲ್ಲಿಡುವ ಪದ್ಧತಿಯಲ್ಲಿ ಒಂದೊಂದು ಕೋಳಿಯ ಪಾಲಿಗೆ ಬರುವ ನೆಲ ಸಾಮಾನ್ಯವಾಗಿ 450 ಚದರ ಸೆಂಟಿಮೀಟರು. ರೆಕ್ಕೆ ಬಡಿಯಲು ಅದಕ್ಕೆ ಬೇಕಾದುದು ಇದರ ಸುಮಾರು ನಾಲ್ಕು ಪಟ್ಟು. ಕೆದಕಲು ಮಣ್ಣಿಲ್ಲ, ಕೂಡಲು ಅಟ್ಟವಿಲ್ಲ, ಕಾಲ ಕೆಳಗೆ ಇಳಿಜಾರು ತಂತಿ. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕದಿರಲೆಂದು ಮರಿಯಾಗಿರುವಾಗಲೇ ಕೊಕ್ಕಿನ ತುದಿಯನ್ನು ಕಾದ ಅಲಗಿನಿಂದ ಕತ್ತರಿಸುತ್ತಾರೆ. ಈ ಎಲ್ಲ ಕೋಳಿಗಳ ಪೂರ್ವಜವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವು ಕೂಡುವ ಹಕ್ಕಿ. ಪಂಜರದ ಸಂಕರತಳಿ ವರ್ಷಕ್ಕೆ ಸುಮಾರು 300 ಇಡುತ್ತದೆ, ಕಾವು ಕೂಡುವುದನ್ನೇ ಮರೆತಿದೆ. ಅಷ್ಟು ಚಿಪ್ಪಿಗೆ ಬೇಕಾದ ಸುಣ್ಣಾಂಶವನ್ನು ತನ್ನ ಎಲುಬಿನಿಂದಲೂ ತೆಗೆದುಕೊಡಬೇಕಾಗಿ ಬರುವುದರಿಂದ ಅದರ ಎಲುಬು ಬಲು ಬೇಗ ಮುರಿಯುತ್ತದೆ. ಮೊಟ್ಟೆಯಿಡಲಾರದ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ಈ ಉದ್ಯಮದ ರೂಢಿ. ಮಾಂಸದ ಕೋಳಿಯದು ಇನ್ನೊಂದು ಬಗೆಯ ದುರವಸ್ಥೆ. ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುವ ಆ ದೇಹವನ್ನು ಅದರ ಕಾಲುಗಳೇ ಹೊರಲಾರವು.

ಇಷ್ಟು ಜೀವಗಳು ಒಂದೆಡೆ ಸೇರಿದಾಗ ನೆಲ, ನೀರು, ಗಾಳಿಗಳು ಹೇಗೆ ತಾಳಿಕೊಂಡಾವು? ಒಂದು ಕೋಳಿಯ ದಿನದ ಹಸಿ ಹಿಕ್ಕೆ ಸುಮಾರು ನೂರು ಗ್ರಾಂ ಎಂದಿಟ್ಟುಕೊಂಡರೆ, ಹತ್ತು ಸಾವಿರ ಕೋಳಿಗಳ ಶೆಡ್ಡಿನಲ್ಲಿ ದಿನಕ್ಕೊಂದು ಟನ್ನು. ಹದವಾಗಿ ಕೊಳೆಸಿ ಹರಡಿದರೆ ಅದು ಉತ್ತಮ ಗೊಬ್ಬರವೇ. ರೈತರು ಕಾಸು ಕೊಟ್ಟು ಕೊಳ್ಳುತ್ತಾರೆ. ರಾಶಿಯಾಗಿ ನಿಂತರೆ ಅಮೋನಿಯಾದ ಘಾಟು, ಬಾವಿಯ ನೀರಿಗೆ ನೈಟ್ರೇಟು, ಊರಿಗೆಲ್ಲ ನೊಣ. ಉಣ್ಣುವ ತಟ್ಟೆಗೆ ಮುಸುಕು ಹಾಕಿ ಊಟ ಮಾಡುವ ಹಳ್ಳಿಗಳವರ ದೂರನ್ನು ಕೇಳಿದವರಿಗೆ ಇದು ಹೊಸತಲ್ಲ.

ರೋಗದ ಮಾತೂ ಹಾಗೆಯೇ. 2012ರಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ, ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲಿಯೇ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2020ರ ಮಾರ್ಚಿನಲ್ಲಿ ಅದು ಹರಿಹರ ತಾಲೂಕಿನ ಬನ್ನಿಕೋಡಿನಲ್ಲಿ ಕಂಡಿತು. ಇಕ್ಕಟ್ಟಿನ ರೋಗವನ್ನು ತಡೆಯಲು ಆಹಾರದಲ್ಲಿಯೇ ಔಷಧಿ ಬೆರೆಸುವ ಚಾಳಿ ಬೆಳೆಯಿತು. ಮನುಷ್ಯರ ಪಾಲಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧಿಯನ್ನು ಸಹ ಹೀಗೆ ಬಳಸುತ್ತಿದ್ದುದರಿಂದ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು.

2021ರ ಡಿಸೆಂಬರಿನಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲಾರಂಭಿಸಿದಾಗ ಎದ್ದ ವಾದವನ್ನು ಈ ಸಂಚಿಕೆಯ ವಾಚಕರು ಮರೆತಿರಲಾರರು. ಮಠಗಳಿಂದಲೂ ವಿರೋಧ ಬಂದಿತ್ತು. ರಕ್ತಹೀನತೆಯಿಂದ ಬಳಲುವ ಬಡ ಮಗುವಿಗೆ ಮೊಟ್ಟೆ ಸತ್ತ್ವಯುತ ಆಹಾರವೆಂಬುದನ್ನು ಅಲ್ಲಗಳೆಯುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಆದರೆ ತಿನ್ನಬೇಕೋ ಬಿಡಬೇಕೋ ಎಂಬ ಆ ಗದ್ದಲದಲ್ಲಿ, ಅದನ್ನಿಟ್ಟ ಕೋಳಿ ಹೇಗೆ ಬದುಕಿತೆಂದು ಎರಡೂ ಕಡೆಯಿಂದ ಕೇಳಿಬಂದುದು ಅತ್ಯಲ್ಪ. ಮೊಟ್ಟೆ ಮುಟ್ಟದ ಮನೆತನದವರಾದ ನಾವು ಇದರಿಂದ ಹೊರಗಿದ್ದೇವೆಂದು ಹೇಳುವಂತಿಲ್ಲ. ಗೋವಿನಜೋಳ ಬೆಳೆಯುವವರು, ಅಡತಿ ನಡೆಸುವವರು, ಸಾಗಿಸುವವರು ನಮ್ಮಲ್ಲಿಯೇ ಇದ್ದಾರೆ. ಹಾಲಿನ ವಿಷಯದಲ್ಲಿಯೂ ಅಷ್ಟೆ. ಹೆಚ್ಚು ಹಾಲಿಗಾಗಿ ತಂದ ಮಿಶ್ರತಳಿಯ ಹಸುವಿಗೆ ಹೋರಿಗರು ಹುಟ್ಟಿದರೆ, ಟ್ರ್ಯಾಕ್ಟರು ಬಂದ ಮನೆಯಲ್ಲಿ ಅದಕ್ಕೆ ಕೆಲಸವೂ ಇಲ್ಲ, ಕೊಟ್ಟಿಗೆಯೂ ಇಲ್ಲ.

ಕಾನೂನು ಇಲ್ಲವೆಂದಲ್ಲ. ಪ್ರಾಣಿಯು ಚಲಿಸಲು ಸಾಕಾಗುವಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಅದನ್ನಿಡುವುದು 1960ರ ಪ್ರಾಣಿಹಿಂಸಾ ತಡೆ ಅಧಿನಿಯಮದ 11ನೆಯ ಕಲಮಿನಂತೆ ಅಪರಾಧ. ಭಾರತದ ಕಾನೂನು ಆಯೋಗವು 2017ರ ಜುಲೈನಲ್ಲಿ ಸಲ್ಲಿಸಿದ ತನ್ನ 269ನೆಯ ವರದಿಯಲ್ಲಿ ಈ ವಿಷಯವನ್ನೇ ಪ್ರತ್ಯೇಕವಾಗಿ ಪರಿಶೀಲಿಸಿತು. ಯುರೋಪಿನ ಒಕ್ಕೂಟದಲ್ಲಿ ಬರಿಯ ತಂತಿಪಂಜರಗಳು 2012ರ ಜನವರಿಯಿಂದಲೇ ನಿಷಿದ್ಧವಾಗಿವೆ. ಅಲ್ಲಿ ಮೊಟ್ಟೆಯ ಬೆಲೆ ಏರಿದುದೂ ನಿಜ. ಇಲ್ಲಿ ಆ ಹೆಚ್ಚಿನ ಬೆಲೆಯನ್ನು ಬಡವನ ತಟ್ಟೆಯಿಂದ ವಸೂಲು ಮಾಡಬೇಕೆ, ಸರ್ಕಾರದ ಬೊಕ್ಕಸದಿಂದ ಕೊಡಬೇಕೆ ಎಂಬುದು ಇನ್ನೂ ತೀರ್ಮಾನವಾಗಬೇಕಾದ ಪ್ರಶ್ನೆ.

ಶಿಕ್ಷಕ ಬಂಧುಗಳು ಕ್ಷೇತ್ರಫಲದ ಪಾಠ ಮಾಡುವಾಗ 25 ಸೆಂಟಿಮೀಟರು ಉದ್ದ, 18 ಸೆಂಟಿಮೀಟರು ಅಗಲದ ರಟ್ಟೊಂದನ್ನು ಮಕ್ಕಳಿಂದ ಕತ್ತರಿಸಿಸಬಹುದು. ಗುಣಿಸಿದರೆ 450 ಬರುತ್ತದೆ. ಆ ರಟ್ಟನ್ನು ಯಾವುದಾದರೂ ಹಿತ್ತಲಿನಲ್ಲಿ ಕೆದಕುತ್ತಿರುವ ಜವಾರಿ ಕೋಳಿಯ ಹತ್ತಿರ ಒಯ್ದು ಹಿಡಿದು ನೋಡಿ ಬರುವಂತೆ ಹೇಳಬಹುದು.