ಉಕ್ಕಿನಲ್ಲಿ ಅಡಗಿದ ಅಂಕಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟವೊಂದರಲ್ಲಿ, ಕೊಬ್ಬರಿಯ ಅಟ್ಟದ ಕೆಳಗೆ ಹಳೆಯ ಅಂಬಾಸಿಡರ್ ಕಾರೊಂದು ಧೂಳು ಹಿಡಿದು ನಿಂತಿದೆಯೆನ್ನೋಣ. ಅದರ ಒಡೆಯರನ್ನು ಗುರುತಿಸುವುದು ಹೇಗೆ?

ಊರಿನ ಹಿರಿಯರನ್ನು ವಿಚಾರಿಸಿ, ಮನೆಯವರ ಅನುಮತಿ ಪಡೆದು, ಮೊದಲು ನೋಂದಣಿ ಫಲಕವನ್ನು ನೋಡಬೇಕು. ‘ಎಂವೈ’ ಎಂಬುದು ಮೈಸೂರು ರಾಜ್ಯದ ಹೆಸರಿನಿಂದ ಬಂದ ಗುರುತು. ‘ಕೆಎ’ ಅಕ್ಷರಗಳು 1989ರಿಂದೀಚಿನವು. ತಿಪಟೂರಿನ ಇಂದಿನ ಸಂಕೇತ ಕೆಎ 44. ಫಲಕವೇ ಇಲ್ಲವಾಗಿದ್ದರೆ ಚಾಸಿಯ ಮೇಲೆ ಒತ್ತಿದ ಸಂಖ್ಯೆಯೇ ಆಧಾರ.

ಆ ಸಂಖ್ಯೆಯೂ ಸವೆದುಹೋಗಿದ್ದರೆ? ಅಚ್ಚಿನ ಪೆಟ್ಟು ಲೋಹದಲ್ಲಿ ಗುಳಿ ಮಾಡುವುದಷ್ಟೇ ಅಲ್ಲ, ಗುಳಿಯ ಕೆಳಗಿನ ಹರಳುಗಳನ್ನೂ ವಿಕಾರಗೊಳಿಸುತ್ತದೆ. ಮೇಲಿನ ಅಂಕಿ ಅಳಿದರೂ ಈ ವಿಕಾರ ಒಳಗೆ ಉಳಿಯುತ್ತದೆ. ತಕ್ಕ ಆಮ್ಲದ್ರಾವಣವನ್ನು ಸವರಿದಾಗ ಆ ಭಾಗವು ಸುತ್ತಲಿನ ಲೋಹಕ್ಕಿಂತ ಭಿನ್ನ ವೇಗದಲ್ಲಿ ಕರಗುವುದರಿಂದ ಅಂಕಿ ಮರಳಿ ಕಾಣಿಸಿಕೊಳ್ಳುತ್ತದೆ. ಇದು ನ್ಯಾಯವಿಜ್ಞಾನ ಪ್ರಯೋಗಾಲಯದ ತಜ್ಞರ ಕೆಲಸ. ನಾವು ಎಮರಿ ಕಾಗದದಿಂದ ಆಳವಾಗಿ ಉಜ್ಜಿದರೆ ಒಳಗಿನ ಸಾಕ್ಷ್ಯವೂ ನಾಶವಾದೀತು. ಮೆತ್ತನೆಯ ಬಟ್ಟೆಯಿಂದ ಒರೆಸುವುದೇ ಲೇಸು.

2021ರ ಕೇಂದ್ರ ನಿಯಮದಂತೆ, ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹಿಂದೆಯೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆ ಅದಕ್ಕೇ ಉಳಿಯುತ್ತದೆ. ಆದರೆ ಚಾಸಿಯ ಅಂಕಿ ಸಾರಿಗೆ ಕಚೇರಿಯ ದಾಖಲೆಯೊಡನೆ ತಾಳೆಯಾಗಬೇಕು. ಇಲ್ಲವಾದರೆ ಒಡೆಯರು ಎದುರಿಗೇ ಇದ್ದರೂ ಕಾರು ತಮ್ಮದೆಂದು ಸಿದ್ಧಪಡಿಸುವುದು ಕಷ್ಟ.