ಹಿಟ್ಟಿನ ಧೂಳೂ ಸಿಡಿಯಬಲ್ಲದು: ಅದನ್ನು ಪರೀಕ್ಷಿಸುವ ಬಗೆ



ಬಂದೂಕಿನ ಮದ್ದು ಸಿಡಿಯುತ್ತದೆಂದು ಎಲ್ಲರೂ ಬಲ್ಲರು. ದಿನವೂ ಉಣ್ಣುವ ಹಿಟ್ಟು, ಸಕ್ಕರೆಗಳ ಧೂಳೂ ಸಿಡಿಯಬಲ್ಲದೆಂದರೆ ನಂಬುವವರು ಕಡಿಮೆ. ನಮ್ಮ ಹಳ್ಳಿಗಳ ತರುಣರು ಸಕ್ಕರೆ ಕಾರ್ಖಾನೆ, ಹಿಟ್ಟಿನ ಗಿರಣಿ, ಪಶು ಆಹಾರದ ಕಾರ್ಖಾನೆ, ಮರ ಕೊಯ್ಯುವ ಮಿಲ್ಲುಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಆದುದರಿಂದ ಈ ವಿಷಯವನ್ನು ಎಲ್ಲರೂ ತಿಳಿದಿರುವುದು ಅವಶ್ಯ.

ಧೂಳು ಸಿಡಿಯುವುದೇಕೆ?

ದಪ್ಪ ಕೊರಡು ಒಲೆಯಲ್ಲಿ ಬೇಗ ಹತ್ತಿಕೊಳ್ಳದು. ಅದನ್ನೇ ಸೀಳಿ ಪುರಳೆ ಮಾಡಿದರೆ ಥಟ್ಟನೆ ಉರಿಯುತ್ತದೆ. ಸೀಳಿದಷ್ಟೂ ಗಾಳಿಗೆ ತಗಲುವ ಮೈ ಹೆಚ್ಚುವುದೇ ಇದಕ್ಕೆ ಕಾರಣ. ಹಿಟ್ಟಿನ ಕಣ ಪುರಳೆಗಿಂತ ಎಷ್ಟೋ ಸಣ್ಣದು. ಮೂಟೆಯಲ್ಲಿರುವಾಗ ಅದಕ್ಕೆ ಗಾಳಿ ಸಾಲದು. ಮೋಡದಂತೆ ಮೇಲೆದ್ದಾಗಲಾದರೋ ಪ್ರತಿ ಕಣದ ಸುತ್ತಲೂ ಗಾಳಿ ಇರುತ್ತದೆ. ಆಗ ಕಿಡಿ ತಗುಲಿದರೆ ಉರಿ ಕಣದಿಂದ ಕಣಕ್ಕೆ ಹಾರುತ್ತದೆ. ಗಾಳಿ ಕಾದು ಹಿಗ್ಗುತ್ತದೆ. ಮುಚ್ಚಿದ ಕೋಣೆಯಾದರೆ ಗೋಡೆಯೇ ಒಡೆಯುತ್ತದೆ. ಉರಿಯುವ ಧೂಳು, ಗಾಳಿ, ಧೂಳು ಮೇಲೇಳುವುದು, ಕಿಡಿ, ಮುಚ್ಚಿದ ಸ್ಥಳ, ಈ ಐದೂ ಕೂಡಿದರೆ ಅನಾಹುತ. ಮರಳು, ಸಿಮೆಂಟುಗಳ ಧೂಳು ಉರಿಯದು, ಆದ್ದರಿಂದ ಸಿಡಿಯದು.

೧೮೭೮ನೆಯ ಇಸವಿ ಮೇ ೨ರಂದು ಅಮೆರಿಕೆಯ ಮಿನಿಯಾಪೊಲಿಸ್ ನಗರದಲ್ಲಿ ವಾಶ್‌ಬರ್ನ್ ಹಿಟ್ಟಿನ ಗಿರಣಿ ಹೀಗೆಯೇ ಸಿಡಿದು ೧೮ ಜನ ಸತ್ತರು.

ಪರೀಕ್ಷೆ ಹೇಗೆ ಮಾಡುತ್ತಾರೆ?

ಮೊದಲು ಮಾದರಿ ತೆಗೆಯಬೇಕು. ತೊಲೆ, ಕೊಳವೆಗಳ ಮೇಲೆ ಕುಳಿತ ಧೂಳು ಬಹಳ ನಯವಾದುದು. ಅಪಾಯವೂ ಅದರಿಂದಲೇ ಹೆಚ್ಚು. ಅಲ್ಲಿಂದಲೂ ಮಾದರಿ ತೆಗೆದು, ಪ್ರಯೋಗಶಾಲೆಯಲ್ಲಿ ಜರಡಿ ಹಿಡಿದು, ಅದರ ತೇವವನ್ನು ಅಳೆಯುತ್ತಾರೆ.

ಮೊದಲ ಪರೀಕ್ಷೆ ನೆಟ್ಟಗೆ ನಿಲ್ಲಿಸಿದ ೧.೨ ಲೀಟರಿನ ಗಾಜಿನ ಕೊಳವೆಯಲ್ಲಿ. ಇದಕ್ಕೆ ಹಾರ್ಟ್‌ಮನ್ ಕೊಳವೆ ಎಂದು ಹೆಸರು. ಕೆಳಗಿನಿಂದ ಗಾಳಿ ಊದಿ ಧೂಳನ್ನು ಎಬ್ಬಿಸಿ, ಒಳಗೆ ವಿದ್ಯುತ್ ಕಿಡಿ ಹಾರಿಸುತ್ತಾರೆ. ಉರಿ ಹಬ್ಬಿದರೆ ಧೂಳು ಅಪಾಯಕಾರಿ.

ಎರಡನೆಯದು ೨೦ ಲೀಟರಿನ ಉಕ್ಕಿನ ಗುಂಡು ಪಾತ್ರೆಯಲ್ಲಿ. ಧೂಳಿನ ಪ್ರಮಾಣವನ್ನು ಬದಲಿಸುತ್ತ ಮತ್ತೆ ಮತ್ತೆ ಸಿಡಿಸಿ, ಒತ್ತಡ ಎಷ್ಟು ಏರಿತು, ಎಷ್ಟು ಬೇಗ ಏರಿತು ಎಂದು ಅಳೆಯುತ್ತಾರೆ. ಹಿಟ್ಟು, ಸಕ್ಕರೆಗಳಂಥ ಧೂಳುಗಳಲ್ಲಿ ಒತ್ತಡವು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಏಳೆಂಟು ಪಟ್ಟು ಏರಬಹುದು. ಅಷ್ಟನ್ನು ಯಾವ ಇಟ್ಟಿಗೆ ಗೋಡೆಯೂ ತಡೆಯದು. ಈ ಅಳತೆಯಂತೆಯೇ, ಒತ್ತಡ ಹೊರಹೋಗಲು ಯಂತ್ರಕ್ಕೂ ಕಟ್ಟಡಕ್ಕೂ ಎಷ್ಟು ದೊಡ್ಡ ಕಿಂಡಿ ಬೇಕೆಂದು ಗೊತ್ತುಮಾಡುತ್ತಾರೆ.

ಫಲಿತಾಂಶವನ್ನು ಅರಿಯುವುದು

ಸಿಡಿಯುವ ಧೂಳುಗಳನ್ನು ಒತ್ತಡ ಏರುವ ವೇಗದ ಮೇಲೆ ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ಎಲ್ಲಕ್ಕಿಂತ ನಿಧಾನದ್ದು. ಹಾಗೆಂದು ಅದನ್ನು ಅಲಕ್ಷಿಸಬಾರದು. ಸಕ್ಕರೆಯ ಧೂಳು ಸಾಮಾನ್ಯವಾಗಿ ಈ ದರ್ಜೆಗೇ ಸೇರಿದ್ದು. ೨೦೦೮ರ ಫೆಬ್ರವರಿ ೭ರಂದು ಅಮೆರಿಕೆಯ ಜಾರ್ಜಿಯಾ ಸಂಸ್ಥಾನದ ಪೋರ್ಟ್ ವೆಂಟ್‌ವರ್ತಿನ ಸಕ್ಕರೆ ಕಾರ್ಖಾನೆಯಲ್ಲಿ ಅದೇ ಧೂಳು ಸಿಡಿದು ೧೪ ಕಾರ್ಮಿಕರು ಸತ್ತರು. ಮೊದಲ ಸಿಡಿತಕ್ಕೆ, ನೆಲ ತೊಲೆಗಳ ಮೇಲೆ ಕುಳಿತಿದ್ದ ಧೂಳೆಲ್ಲ ಎದ್ದು, ಒಂದಾದ ಮೇಲೊಂದರಂತೆ ಸಿಡಿದುದೇ ಅಷ್ಟು ಹಾನಿಗೆ ಕಾರಣ.

ಒಬ್ಬರ ಹೊಲದ ಮಣ್ಣಿನ ಪರೀಕ್ಷೆ ಪಕ್ಕದ ಹೊಲಕ್ಕೆ ನಡೆಯುವುದಿಲ್ಲವಷ್ಟೆ. ಧೂಳೂ ಹಾಗೆಯೇ. ನಯ ಮತ್ತು ತೇವ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಪ್ರತಿ ಕಾರ್ಖಾನೆಯೂ ತನ್ನ ಧೂಳನ್ನೇ ಪರೀಕ್ಷೆ ಮಾಡಿಸತಕ್ಕದ್ದು.

ನೀವು ಮಾಡಬೇಕಾದುದು

(೧) ಧೂಳನ್ನು ದಿನವೂ ತೆಗೆಯಿರಿ. ಗಾಳಿ ಊದಿ ಎಬ್ಬಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ತೊಲೆಗಳ ಮೇಲಣ ಧೂಳನ್ನು ಮರೆಯಬೇಡಿ.

(೨) ಗಿರಣಿಯೊಳಗೆ ಬೀಡಿ, ದೀಪ, ಬೆಸುಗೆ ಕೆಲಸ ಕೂಡದು.

(೩) ಧಾನ್ಯದಲ್ಲಿ ಮೊಳೆ, ಕಬ್ಬಿಣದ ಚೂರು ಸೇರದಂತೆ ಅಯಸ್ಕಾಂತವಿಡಿಸಿ. ಬೇರಿಂಗು ಕಾದರೆ ಕೂಡಲೇ ಯಂತ್ರ ನಿಲ್ಲಿಸಿ.

(೪) ಎರಡು ಮೀಟರು ದೂರದ ದೀಪವೂ ಕಾಣದಷ್ಟು ಧೂಳು ಎದ್ದಿದ್ದರೆ ಅದು ಸಿಡಿಯುವ ಪ್ರಮಾಣವನ್ನು ಮುಟ್ಟಿರಬಹುದು. ಅಲ್ಲಿ ನಿಲ್ಲಬೇಡಿ.

(೫) ಈ ಪರೀಕ್ಷೆಯನ್ನು ಮನೆಯಲ್ಲಾಗಲಿ, ಶಾಲೆಯಲ್ಲಾಗಲಿ ಯಾರೂ ಮಾಡಿನೋಡಬಾರದು.

ಕೆಲಸಕ್ಕೆ ಹೊರಟ ಮಗನಿಗೆ ಬುತ್ತಿ ಕಟ್ಟಿಕೊಡುವಾಗ ಇದನ್ನೂ ಹೇಳಿ ಕಳುಹಿಸಿ: "ಅಲ್ಲಿಯ ಧೂಳನ್ನು ಪರೀಕ್ಷೆ ಮಾಡಿಸಿದ್ದಾರೆಯೇ, ಕೇಳು." ಹೀಗೆ ಕೇಳುವುದು ಉದ್ಧಟತನವಲ್ಲ, ಜೀವರಕ್ಷಣೆ.