ಜೋಜಿ ಲಾ ಯುದ್ಧದಲ್ಲಿ ಬಿಡಿಪಡೆಗಳ ಪಾತ್ರ

ಸೈನ್ಯವೆಂದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ವಸ್ತುವೆಂದು ನಮ್ಮಲ್ಲಿ ಅನೇಕರು ಭಾವಿಸಿರುತ್ತೇವೆ. ವಾಸ್ತವವಾಗಿ ಅದು ಹಾಗಲ್ಲ. ಸಾಮಾನ್ಯವಾಗಿ ಮೂರು ಕಾಲ್ದಳದ ಪಟಾಲಮುಗಳು ಸೇರಿ ಒಂದು ಬ್ರಿಗೇಡ್ ಆಗುತ್ತದೆ. ಇವಲ್ಲದೆ ಯಾವ ಬ್ರಿಗೇಡಿಗೂ ಶಾಶ್ವತವಾಗಿ ಸೇರದೆ, ಅಗತ್ಯ ಬಿದ್ದೆಡೆಗೆ ಹೋಗಿ ನೆರವಾಗುವ ಬಿಡಿಪಡೆಗಳೂ ಉಂಟು. 1944ರ ಚಳಿಗಾಲದಲ್ಲಿ ಬೆಲ್ಜಿಯಮಿನ ಆರ್ಡೆನ್ಸ್ ಕಾಡಿನಲ್ಲಿ ಜರ್ಮನರನ್ನು ತಡೆದ ಅಮೆರಿಕನ್ ಸೇನೆಯಲ್ಲಿ ಇಂಥವು ಬಹಳ ಇದ್ದವು. ಸೇತುವೆಗಳನ್ನು ಸಿಡಿಸಿ ಶತ್ರುವಿನ ಟ್ಯಾಂಕುಗಳಿಗೆ ದಾರಿಯಿಲ್ಲದಂತೆ ಮಾಡಿದವರು ಅಂಥ ಇಂಜಿನಿಯರುಗಳ ಪಟಾಲಮಿನವರೇ. ನಮ್ಮ ದೇಶದ ನಿದರ್ಶನ ಬೇಕಾದರೆ 1948ರ ಜೋಜಿ ಲಾ ಯುದ್ಧವನ್ನು ನೋಡಬೇಕು.

‘ಲಾ’ ಎಂದರೆ ಲಡಾಖಿನವರ ಮಾತಿನಲ್ಲಿ ಕಣಿವೆದಾರಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ಈ ದಾರಿ ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿದೆ. ಆಂಟಾಪ್ ಹಿಲ್‌ನಲ್ಲಿ ಬೆಳೆಯುವ ನಮಗೆ ಚಳಿಗಾಲವೆಂದರೆ ಮುಂಜಾನೆಯ ಒಂದು ಹೊದಿಕೆಯ ಮಾತು. ಅಲ್ಲಿಯಾದರೋ ಹಿಮ ಬಿದ್ದು ದಾರಿಯೇ ಮುಚ್ಚಿಹೋಗುತ್ತದೆ. ಆ ವರ್ಷ ಕಣಿವೆ ಶತ್ರುಗಳ ವಶದಲ್ಲಿದ್ದಿತು. ಹಿಮಕ್ಕೆ ಮುನ್ನ ಅದನ್ನು ಬಿಡಿಸದಿದ್ದರೆ ಲೇಹ್‌ಗೆ ನೆಲದ ಮಾರ್ಗವಾಗಿ ನೆರವು ತಲಪುವಂತಿರಲಿಲ್ಲ. ಸೆಪ್ಟೆಂಬರಿನಲ್ಲಿ 77ನೆಯ ಪ್ಯಾರಾ ಬ್ರಿಗೇಡ್ ನಡೆಸಿದ ದಾಳಿ ವಿಫಲವಾಯಿತು. ಬಂಡೆಗಳ ಮರೆಯಲ್ಲಿ ಅಡಗಿದ್ದ ಮೆಷಿನ್‌ಗನ್ನುಗಳ ಎದುರು ಕಾಲಾಳುಗಳ ಬಂದೂಕು ಏನು ಮಾಡೀತು?

ಆಗ ಆ ಡಿವಿಜನ್ನಿನ ಅಧಿಪತಿಯಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಟ್ಯಾಂಕುಗಳನ್ನೇ ಮೇಲಕ್ಕೇರಿಸಬೇಕೆಂದು ನಿಶ್ಚಯವಾಯಿತು. 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು, ಒಂದೊಂದೂ ಸುಮಾರು 15 ಟನ್ ತೂಕದವು, ಜಮ್ಮುವಿನ ಕಡೆಯಿಂದ ಹೊರಟವು. ಗುರುತು ಸಿಗದಂತೆ ಅವುಗಳ ತೋಪಿನ ಗೋಪುರಗಳನ್ನು ಕಳಚಿ ತರಲಾಯಿತು. ದಾರಿಯ ಸೇತುವೆಗಳನ್ನು ಬಲಪಡಿಸಬೇಕಾಯಿತು.

ಆದರೆ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳು ನಡೆಯುವ ಕಾಲುದಾರಿ ಮಾತ್ರ. ಅದನ್ನು ಟ್ಯಾಂಕು ಹೋಗುವಷ್ಟು ಅಗಲಗೊಳಿಸಿದವರು ಮದ್ರಾಸ್ ಸ್ಯಾಪರ್ಸ್ ದಳದ ಎರಡು ಕಂಪನಿಗಳವರು. ಈ ದಳದ ಕೇಂದ್ರವಿರುವುದು ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿ. ಹಿಮವನ್ನೇ ಕಾಣದ ದಕ್ಷಿಣದೇಶದ ಮಂದಿ ಆ ಚಳಿಯಲ್ಲಿ ಬಂಡೆ ಒಡೆದರು. ಟ್ಯಾಂಕಿನ ಸಾಹಸವನ್ನು ಹೊಗಳುವವರು ಬಹುಮಂದಿ. ನನ್ನ ಎಣಿಕೆಯಲ್ಲಿ ಗೆಲುವಿನ ಅರ್ಧಪಾಲು ಗುದ್ದಲಿ ಹಾರೆಗಳಿಗೆ ಸಲ್ಲತಕ್ಕದ್ದು.

ಹವೆ ಕೆಟ್ಟು ಕೆಲವು ದಿನ ಕಾಯಬೇಕಾಗಿ ಬಂದಿತು. ಕೊನೆಗೆ ನವೆಂಬರ್ 1ರಂದು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗರ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು. ಅಷ್ಟೆತ್ತರದಲ್ಲಿ ಟ್ಯಾಂಕನ್ನು ನಿರೀಕ್ಷಿಸದಿದ್ದ ಶತ್ರುಗಳು ದಿಗ್ಭ್ರಾಂತರಾದರು. ಹಿಂದೆಯೇ ನುಗ್ಗಿದ ಕಾಲ್ದಳದಲ್ಲಿ 1ನೆಯ ಪಟಿಯಾಲಾ ಪಟಾಲಮು ಇದ್ದಿತು. ಇದು ಪಟಿಯಾಲಾ ಸಂಸ್ಥಾನದ ಸ್ವಂತ ಸೇನೆಯಿಂದ ಬಂದುದು. (1918ರಲ್ಲಿ ಹೈಫಾದ ಯುದ್ಧದಲ್ಲಿ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್ ದಳವೂ ಹೀಗೆಯೇ ಸಂಸ್ಥಾನದ ಪಡೆ.) ಸಂಜೆಯೊಳಗೆ ಕಣಿವೆಯಾಚೆಯ ಗುಮ್ರಿ ನಮ್ಮವರ ಕೈಸೇರಿತು.

ಅಲ್ಲಿಂದ ಮುಂದೆ ಶತ್ರುವಿಗಿಂತ ಶೀತವೇ ಕ್ರೂರವಾಯಿತು. ತಕ್ಕ ಉಣ್ಣೆಯುಡುಪಿಲ್ಲದೆ ಅನೇಕ ಸೈನಿಕರ ಕೈಕಾಲು ಬೆರಳುಗಳು ಹಿಮಕ್ಕೆ ಮರಗಟ್ಟಿದವು. ಆದರೂ ದ್ರಾಸ್ ದಕ್ಕಿತು, ಬಳಿಕ ಕಾರ್ಗಿಲ್. ಆ ತಿಂಗಳು ಮುಗಿಯುವುದರೊಳಗೆ ಲೇಹ್ ಕಡೆಯಿಂದ ಬಂದ ಪಡೆಯೂ ಇವರನ್ನು ಕೂಡಿಕೊಂಡಿತು.